ಪರದೆಯ ಮೇಲಿನ ಉಂಗುರಗಳು

ಬೆಳಿಗ್ಗೆ ಸಂಪ್‌ಗೆ ನೀರು ಬಿಟ್ಟೆ, ಸೊಪ್ಪು ಸೋಸಿದೆ, ಎರಡು ಬೆಡ್‌ಶೀಟ್ ಒಗೆದು ಹರವಿದೆ, ಗ್ಯಾಸ್ ಬುಕ್ ಮಾಡಿದೆ. ಅಷ್ಟರಲ್ಲಿ ನಮ್ಮ ಮೇಡಂ ತೀರಿಕೊಂಡರೆಂದು ಫೋನ್ ಬಂತು. ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗಿ ಮುಖ ನೋಡಿ ಬಂದೆ. ಮೇಲ್ದುಟಿಯ ಎಡತುದಿ ಆಗಲೂ ತುಸು ಎದ್ದೇ ಇತ್ತು, ಬಂದ ಹಾರಗಳೆಲ್ಲ ಅಷ್ಟಕ್ಕಷ್ಟೇ ಅನ್ನುವ ಹಾಗೆ.

ಆ ತುಟಿಗೆ ಹೆದರದವರು ನಮ್ಮ ಕಾಲೇಜಿನಲ್ಲಿರಲಿಲ್ಲ. ಅವರು ಭೌತಶಾಸ್ತ್ರದ ಮುಖ್ಯಸ್ಥೆ, ನಾನು ಅವರ ಕೈಕೆಳಗಿನ ಉಪನ್ಯಾಸಕಿ. ತಡವಾಗಿ ಬಂದ ಹುಡುಗರಿಗೆ, "ಇದು ಓದಿರೋ ಮುಖವೇನಪ್ಪಾ, ಬರೀ ತೊಳೆದಿರೋ ಮುಖವಾ?" ಎನ್ನುತ್ತಿದ್ದರು.

ಕೊನೆಗೊನೆಗೆ ಅವರಿಗೆ ಒಂದೇ ಹಂಬಲ. ವಿಶ್ವ ಹುಟ್ಟಿದ ಹೊಸತರಲ್ಲಿ, ಎಲ್ಲವೂ ಕುದಿಯುತ್ತಿದ್ದಾಗ ಎದ್ದ ಅಲೆಗಳನ್ನು ಹೋಗಿ ನೋಡಲಾಗದು. ಆದರೆ ಬಿಸಿ ಆವಿ ತುಂಬಿದ ಗಾಜಿನ ಕೊಳವೆಯಲ್ಲಿ ಲೇಸರ್ ಹಾಯಿಸಿದರೆ ಬೆಳಕೂ ಹೆಚ್ಚುಕಡಿಮೆ ಅದೇ ಲೆಕ್ಕಕ್ಕೆ ಅಲೆಯಾಗಿ, ಪರದೆಯ ಮೇಲೆ ಉಂಗುರ ಬಿಡುತ್ತದೆ. ನಿವೃತ್ತಿಯೊಳಗೆ ಆ ಉಂಗುರಗಳನ್ನು ಕಾಣಬೇಕಿತ್ತು. ಆಯುಧಪೂಜೆ ಮುಗಿದ ವಾರ ಕಂಡವು.

ವಿಜ್ಞಾನವೆಂದರೆ ಫೋಟೊ ಎಂದುಕೊಂಡಿದ್ದ ಪ್ರಿನ್ಸಿಪಾಲರು ಪೇಪರಿನವರನ್ನು ಕರೆಸಿಬಿಟ್ಟರು.

"ಮೇಡಂ, ಬ್ರಹ್ಮಾಂಡ ನಮ್ ಕಾಲೇಜಲ್ಲೇ ಹುಟ್ತು ಅಂತ ಹಾಕ್ಸೋಣ."

"ಹುಟ್ಸಕ್ಕೆ ನಾನೇನು ಹೆರಿಗೆ ಆಸ್ಪತ್ರೆ ಇಟ್ಟಿದ್ದೀನಾ ಸಾರ್? ಅದರ ಥರ ಇದೆ, ಅಷ್ಟೇ."

ಫೋಟೊಗೆ ಉಂಗುರ ಸರಿಯಾಗಿ ಬೀಳಲೆಂದು ಮೇಡಂ ಲೇಸರಿನ ಮುಂದಿದ್ದ ಮಸೂರವನ್ನು ಅದರ ಚೌಕಟ್ಟಿನಲ್ಲೇ ತುಸು ತಿರುಗಿಸಿದರು. ಉಂಗುರಗಳೂ ಜಾಗ ಬದಲಿಸಿ ಜೊತೆಗೇ ತಿರುಗಿದವು. ಆವಿಯಿಂದ ಬಂದವಾಗಿದ್ದರೆ ಹಾಗೆ ತಿರುಗಬಾರದು. ಅದು ಗೊತ್ತಾದದ್ದು ಅವರಿಗೆ, ನನಗೆ ಮಾತ್ರ. ಸುಮ್ಮನಿದ್ದಿದ್ದರೆ ಮರುದಿನ ಪೇಪರಿನಲ್ಲಿ ಹೆಸರು, ನಿವೃತ್ತಿಗೊಂದು ಮರ್ಯಾದೆ. ಅವರ ತುಟಿ ಮೇಲೆದ್ದಿತು. ಹತ್ತಿ ತೆಗೆದು ಮಸೂರ ಒರೆಸಿದರು. ಪರದೆ ಬೋಳಾಯಿತು.

"ಪೂಜೆ ದಿನ ಪ್ರಿನ್ಸಿಪಾಲ್ರು ಬಳ್ದಿದ್ದ ವಿಭೂತಿ ಕಣ್ರೀ. ಪುಡಿ ಉದ್ರಿದೆ. ಬರ್ಕೊಳಿ."

"ಮೇಡಂ, ಆಮೇಲೆ ಮಾತಾಡೋಣ..." ಪ್ರಿನ್ಸಿಪಾಲರು ಬೆವರುತ್ತಿದ್ದರು.

"ಆಮೇಲೇನ್ ಸಾರ್? ಲೆನ್ಸ್ ಒರಸ್ರೋ ಅಂತ ಮಕ್ಳಿಗೆ ಬೈಕೊಂಡೇ ತಲೆ ಬೆಳ್ಳಗಾಯ್ತು, ನಾನೇ ಒರಸಿಲ್ಲ. ಇಂಥ ದಡ್ಡಿ ಈ ತಾಲ್ಲೂಕಲ್ಲೇ ಇಲ್ಲ ಅಂತಾನೂ ಬರ್ಕೊಳಿ."

ಪೇಪರಿನವರು ಬೋಂಡ ತಿಂದು ಹೋದರು, ಒಂದು ಸಾಲೂ ಬರೆಯಲಿಲ್ಲ. ನಿಜವಾದ ಉಂಗುರಗಳು ಮೇಡಂ ನಿವೃತ್ತರಾಗುವವರೆಗೂ ಬರಲಿಲ್ಲ. ಈಗಲೂ ನನಗೆ ಬೇಕಾದ ಉತ್ತರವೇ ಬಂದರೆ ಮೊದಲು ಮಸೂರ ತಿರುಗಿಸಿ ನೋಡುತ್ತೇನೆ. ಅದು ಅವರಿಂದ ಬಂದ ಅಭ್ಯಾಸ.

ಪೇಪರಿನವರು ಬಂದುಹೋದ ಆ ಸಂಜೆ ಅವರ ಊರಿನ ಬಸ್ಸು ತಪ್ಪಿತು. ನಮ್ಮ ಮನೆಗೇ ಕರೆತಂದೆ. ಮುದ್ದೆ, ಹುರುಳಿ ಸಾರು. "ಉಪ್ಪು ಹಾಕಕ್ಕೂ ಬರಲ್ವೇನಮ್ಮಾ ನಿಂಗೆ?" ಎನ್ನುತ್ತಲೇ ಇನ್ನೊಂದು ಮುದ್ದೆ ಹಾಕಿಸಿಕೊಂಡರು. ಏನು ಸಮಾಧಾನ ಹೇಳಲಿ ಎಂದು ನಾನು ಚಾಪೆಯ ಮೇಲೆ ಮಲಗಿ ಮಾತು ಹುಡುಕುತ್ತಿದ್ದೆ. ಅವರು ಆಗಲೇ ಗೊರಕೆ ಹೊಡೆಯುತ್ತಿದ್ದರು.