ನಿಂತು ತಿಂದಿದ್ದು ಊಟವಲ್ಲ

ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು "ಬೇಡ, ಬೇಡ" ಅನ್ನುವವರ ಮುಂದೆ ಬಸಣ್ಣ ಮಾವ ಹೋಳಿಗೆ ಹಿಡಿದು ನಿಂತುಬಿಡುತ್ತಿದ್ದರು. ಹಾಕಿಸಿಕೊಳ್ಳಿ ಅಂತ ಒಂದು ಮಾತೂ ಆಡುತ್ತಿರಲಿಲ್ಲ. "ಮೆಕ್ಕೆಜೋಳ ಹೆಂಗೈತ್ರೀ ಈ ಸಲ?" ಎಂದು ಕೇಳುತ್ತಿದ್ದರು. ಆ ಮನುಷ್ಯ ಪೈರು ಎಷ್ಟೆತ್ತರ ಬಂದಿದೆ ಎಂದು ತೋರಿಸಲು ಒಂದು ಕೈ ಎತ್ತಿದನೋ, ಹೋಳಿಗೆ ಎಲೆಯ ಮೇಲೆ. ಅವನು ಬಯ್ಯುವಷ್ಟರಲ್ಲಿ ಇವರು ಮುಂದಿನ ಎಲೆಯಲ್ಲಿ ಯಾರದೋ ಮಗಳ ಬಾಣಂತನ ವಿಚಾರಿಸುತ್ತಿರುತ್ತಿದ್ದರು.

ಸಂತೇಬೆನ್ನೂರಿನಲ್ಲಿ ಅವರದು ಮದುವೆ ಪಾತ್ರೆ, ಶಾಮಿಯಾನ ಬಾಡಿಗೆಗೆ ಕೊಡುವ ಅಂಗಡಿ. ಪಾತ್ರೆ ಇಳಿಸಿ ಸುಮ್ಮನೆ ಮನೆಗೆ ಬರುವ ಜಾಯಮಾನ ಅವರದಲ್ಲ. ಚನ್ನಗಿರಿಯಾಗಲಿ, ಹೊನ್ನಾಳಿಯಾಗಲಿ, ದೂರದ ಜಗಳೂರಾಗಲಿ, ಪಾತ್ರೆಯ ಜೊತೆ ತಾವೂ ಹೋಗಿ, ಪಂಚೆ ಮೇಲೆ ಕಟ್ಟಿ ಬಡಿಸಲು ನಿಲ್ಲುತ್ತಿದ್ದರು. ಬೀಗರ ಕಡೆಯವರು ಪಾತ್ರೆಗಿಂತ ಮೊದಲು ಅವರನ್ನೇ ಗೊತ್ತುಮಾಡುತ್ತಿದ್ದರು. "ಬಸಣ್ಣ ಇಲ್ಲದಿದ್ರೆ ಜನ ನಾಚ್ಕೊಂಡು ಅರ್ಧ ಹೊಟ್ಟೇಲಿ ಎದ್ದೋಗ್ತಾರೆ" ಎಂಬ ಮಾತಿತ್ತು. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಅವರಿಗಿಂತ ಒಂದು ಹೆಜ್ಜೆ ಮುಂದೆ. ಅದನ್ನು ಯಾರೂ ಕಾಯಿಲೆ ಅಂದುಕೊಂಡಿರಲಿಲ್ಲ. ಲಕ್ಷ್ಮೀಕಳೆ ಅಂದುಕೊಂಡಿದ್ದರು.

ಕೂತಿದ್ದನ್ನು ನಾನು ನೋಡಿದ್ದು ಕಡಿಮೆ. ಅಂಗಡಿಯಲ್ಲಿ ಒಂದು ಕುರ್ಚಿ ಇತ್ತು, ಅದರ ಮೇಲೆ ಅವರ ಟವೆಲು ಕೂತಿರುತ್ತಿತ್ತು. ಚಹಾ ನಿಂತು, ಪೇಪರು ನಿಂತು, ಜಗಳವೂ ನಿಂತೇ. ಅವರ ಹೆಂಡತಿ ಗೌರತ್ತೆ "ಕಾಲಲ್ಲಿ ಏನ್ ಕಚ್ಚತೈತೆ ನಿಮಗೆ?" ಎಂದರೆ "ಕುಂತ್ರೆ ತುಕ್ಕು ಹಿಡಿತೈತೆ ಕಣೆ" ಎಂದು ಮತ್ತೆಲ್ಲೋ ಹೊರಡುತ್ತಿದ್ದರು.

ಮಾವ ಎಂದೆನಲ್ಲ, ರಕ್ತಸಂಬಂಧವಲ್ಲ. ಅವರ ಅಂಗಡಿಯ ಹಿಂದಿನ ಓಣಿ ನಮ್ಮದು. ಅಪ್ಪ ಮಂಡಿಯಲ್ಲಿ ಮೂಟೆ ಹೊರುತ್ತಿದ್ದರು. ನಮ್ಮ ಮನೆತನದಲ್ಲಿ ಡಿಗ್ರಿ ತೆಗೆದವಳು ನಾನೇ ಮೊದಲು. ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಸುಮ್ಮನೆ ಬಂದದ್ದಲ್ಲ ಅದು. ಪಿಯುಸಿ ಮುಗಿದಾಗ ಅಪ್ಪ "ಸಾಕು" ಅಂದಿದ್ದರು. ಆ ಸಂಜೆ ಮಾವ ನಮ್ಮ ಹೊಸ್ತಿಲ ಆಚೆ ನಿಂತರು.

"ಸಾಕು ಅಂತ ಎಲ್ಲಾರೂ ಅಂತಾರೆ ಮಲ್ಲಣ್ಣ. ಸಾಕು ಅಂದೋರಿಗೆಲ್ಲ ನಾನು ಬಡಿಸಿಲ್ವಾ? ಒಂದೇ ಒಂದು ವರ್ಷ ಓದಲಿ. ಆಮೇಲೆ ನಾನು ಈ ಕಡೆ ತಲೆ ಹಾಕಿದ್ರೆ ಕೇಳು."

"ಒಂದೇ ವರ್ಷನಾ?"

"ಒಂದೇ. ಅದಿರ್ಲಿ, ನಿನ್ನ ಬೆನ್ನು ನೋವು ಹೆಂಗೈತೆ ಈಗ?"

ಅಪ್ಪ ಬೆನ್ನಿನ ಕಥೆ ಶುರುಮಾಡಿದರು. ಮುಗಿಯುವ ಹೊತ್ತಿಗೆ ನನ್ನ ನರ್ಸಿಂಗ್ ಕಾಲೇಜು ತೀರ್ಮಾನವಾಗಿತ್ತು. ಮುಂದಿನ ವರ್ಷ ಮತ್ತೆ ಬಂದು ನಿಂತರು. ಅದರ ಮುಂದಿನ ವರ್ಷವೂ. ಬಿ.ಎಸ್ಸಿ.ಯ ನಾಲ್ಕು ವರ್ಷವನ್ನು ಅಪ್ಪನ ಎಲೆಗೆ ಒಂದೊಂದಾಗಿ ಹಾಕಿದವರು ಅವರು.

ಓದು ಮುಗಿದು ನಾನು ನ್ಯಾಮತಿಯ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಕೆಲಸಕ್ಕೆ ಸೇರಿದೆ. ಊರಿಗೆ ಹೋದಾಗ ಮಾವ ಮೆಟ್ಟಿಲು ಹತ್ತಿ ಏದುಸಿರು ಬಿಡುವುದು ಕಣ್ಣಿಗೆ ಬಿತ್ತು. ಮೊದಲಾಗಿದ್ದರೆ ಬೀಳುತ್ತಿರಲಿಲ್ಲ, ಓದಿನಿಂದ ಬಂದ ಕಷ್ಟ ಇದು, ಯಾರನ್ನೂ ಸುಮ್ಮನೆ ನೋಡಲಾಗುವುದಿಲ್ಲ. ಗೌರತ್ತೆಯನ್ನು ಜೊತೆಮಾಡಿ ಅವರನ್ನು ಕ್ಲಿನಿಕ್ಕಿಗೆ ಕರೆಸಿದೆ. ಸೊಂಟಕ್ಕೆ ಟೇಪು ಹಿಡಿದೆ, ಬಿಪಿ ನೋಡಿದೆ, ರಕ್ತ ತೆಗೆದೆ. ರಿಪೋರ್ಟು ಬಂದ ದಿನ ಡಾಕ್ಟರ್ ಮೇಡಂ ಎದುರು ಮೂವರೂ ಇದ್ದೆವು. ಮಾವ ಮಾತ್ರ ನಿಂತಿದ್ದರು.

ಬಿಪಿ ಸ್ವಲ್ಪ ಜಾಸ್ತಿ. ಶುಗರ್ ಸ್ವಲ್ಪ ಜಾಸ್ತಿ. ರಕ್ತದ ಕೊಬ್ಬೂ ಸ್ವಲ್ಪ. ಹೊಟ್ಟೆ ಕಾಣುತ್ತಲೇ ಇತ್ತು.

"ಎಲ್ಲ ಬಾರ್ಡರಲ್ಲೇ ಐತಲ್ಲ ಮೇಡಂ, ಒಂದೂ ದಾಟಿಲ್ಲ" ಎಂದು ಮಾವ ಹಿಗ್ಗಿದರು.

ಮೇಡಂ ನಗಲಿಲ್ಲ. "ಬೇರೆ ಬೇರೆ ಇದ್ದಿದ್ರೆ ನಾನೂ ಇಷ್ಟು ಹೇಳ್ತಿರ್ಲಿಲ್ಲ. ಇಲ್ಲಿ ನಾಲ್ಕೂ ಒಂದೇ ಮೈಯಲ್ಲಿ ಸೇರ್ಕೊಂಡಿವೆ. ಇದಕ್ಕೆ ಮೆಟಬಾಲಿಕ್ ಸಿಂಡ್ರೋಮ್ ಅಂತಾರೆ. ಒಂದಕ್ಕೊಂದು ಕೈ ಸೇರಿಸಿ ಹೃದಯದ ರಕ್ತನಾಳ ಕೆಡಿಸ್ತವೆ. ಇವತ್ತು ಏನೂ ಆಗಲ್ಲ. ನಾಳೆನೂ ಆಗಲ್ಲ. ವರ್ಷಗಟ್ಟಲೆ ಏನೂ ಆಗದೇ ಇರಬಹುದು. ಅದಕ್ಕೇ ಯಾರೂ ಕೇಳಲ್ಲ. ಊಟ ಹೇಗೆ ನಿಮ್ದು? ನಿನ್ನೆ ಏನು ತಿಂದ್ರಿ?"

"ನಿನ್ನೆ ಮದ್ವೆ ಇತ್ತು ಮೇಡಂ. ಊಟಾನೇ ಮಾಡಿಲ್ಲ."

ಗೌರತ್ತೆ ಸೆರಗಿನಲ್ಲಿ ನಕ್ಕರು. "ನಿಜಾನೇ ಮೇಡಂ, ಊಟ ಮಾಡಿಲ್ಲ. ಬಾಂಡ್ಲಿ ಹತ್ರ ಮೆಣಸಿನಕಾಯಿ ಬೋಂಡ, ಒಲೆ ಹತ್ರ ಪಾಯಸ, ಬಡಿಸ್ತಾ ಬಡಿಸ್ತಾ ಬೂಂದಿ."

"ಅದು ರುಚಿ ನೋಡೋದು ಕಣೆ. ನಿಂತು ತಿಂದಿದ್ದು ಊಟ ಅಲ್ಲ."

ಅವರು ಸುಳ್ಳು ಹೇಳುತ್ತಿರಲಿಲ್ಲ. ನಮ್ಮ ಕಡೆ ಊಟವೆಂದರೆ ಎಲೆ ಹಾಕಬೇಕು, ನೀರು ಚಿಮುಕಿಸಬೇಕು, ಕೂರಬೇಕು. ಮದುಮಗಳ ಅಪ್ಪ ಬಾಯಲ್ಲಿ ಲಾಡು ಇಟ್ಟುಕೊಂಡೇ "ನಾನಿನ್ನೂ ಉಂಡಿಲ್ಲ" ಎಂದು ಎಲ್ಲರ ಮುಂದೆ ಹೇಳುತ್ತಾನೆ. ಯಾರೂ ತಪ್ಪು ತಿಳಿಯುವುದಿಲ್ಲ. ಬಸಣ್ಣ ಮಾವ ಇಡೀ ಮದುವೆ ಸೀಸನ್ನು ಉಪವಾಸವಿದ್ದೇನೆಂದು ನಂಬಿಕೊಂಡು ದಪ್ಪಗಾಗಿದ್ದರು.

ಮಾತ್ರೆ ತಂದರು. ಮುಗಿದ ಮೇಲೆ ಮತ್ತೆ ತರಲಿಲ್ಲ. ನಾನು ಫೋನಿನಲ್ಲಿ ಕೂಗಾಡಿದೆ. "ಆತು ಬಿಡವ್ವ" ಎಂದರು. ನನಗೆ ತಡೆಯಲಾಗಲಿಲ್ಲ. ಕ್ಲಿನಿಕ್ಕಿನಲ್ಲಿ ಯಾರದೋ ತೋಳಿಗೆ ಬಿಪಿ ಪಟ್ಟಿ ಸುತ್ತುವಾಗಲೂ ಅವರ ಹೊಟ್ಟೆ, ಅವರ ಏದುಸಿರು. ಊರಿಂದ ಹೊತ್ತಲ್ಲದ ಹೊತ್ತಿನಲ್ಲಿ ಫೋನು ಬಂದರೆ ಎತ್ತುವ ಮೊದಲೇ ಊರಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಲೆಕ್ಕ ಹಾಕುತ್ತಿದ್ದೆ.

ಕೊನೆಗೆ ಜಗಳೂರಿನ ಒಂದು ಮದುವೆಗೆ ನಾನೂ ಹೊರಟೆ. ಗೌರತ್ತೆಗೆ ಮೊದಲೇ ಹೇಳಿಟ್ಟಿದ್ದೆ. ಅಡುಗೆಮನೆಯ ಮೂಲೆಯಲ್ಲಿ ಒಂದು ಬಾಳೆಎಲೆ ಹಾಸಿದೆವು. ಮಾವ ಏನನ್ನು ಬಾಯಿಗೆ ಹಾಕಿಕೊಂಡರೂ ಅಷ್ಟನ್ನೇ ಅತ್ತೆ ತಂದು ಆ ಎಲೆಯ ಮೇಲೆ ಇಡಬೇಕು. ಬೆಳಗ್ಗೆ ಉಪ್ಪಿಟ್ಟಿನ ಮುದ್ದೆಯೊಂದು ಬಂತು. ಆಮೇಲೆ ಬೋಂಡ. ಮತ್ತೆ ಬೋಂಡ. ಹೋಳಿಗೆಯ ಅಂಚುಗಳು, ಅದಕ್ಕೆ ತುಪ್ಪ. ಲೋಟದಲ್ಲಿ ಪಾಯಸ. ಪಂಕ್ತಿಗಳೆಲ್ಲ ಎದ್ದ ಮೇಲೆ ಮಾವ ಬೆವರು ಒರೆಸುತ್ತಾ ಬಂದು ಎಲೆ ನೋಡಿದರು. ಹಸಿರು ಕಾಣದಂತೆ ತುಂಬಿ, ಅಂಚಿನಿಂದ ಬೂಂದಿ ಉರುಳಿತ್ತು.

"ಇದ್ಯಾರಿಗೆ ಇಷ್ಟೊಂದು ಬಡಿಸಿದ್ದೀರಿ? ಬೀಗರಿಗಾ?"

"ನಿಮಗೇ" ಎಂದೆ. "ಬೆಳಗ್ಗಿಂದ ನೀವು ಊಟ ಮಾಡದೇ ಇರೋದು ಇದು."

ಹೆಂಡತಿಯ ಮುಖ ನೋಡಿದರು. ಅತ್ತೆ ಸುಮ್ಮನೆ ತಲೆಯಾಡಿಸಿದರು. ಮಾವ ಬಗ್ಗಿ ಒಂದು ಬೋಂಡ ಎತ್ತಿದವರು ಅದನ್ನು ಮತ್ತೆ ಎಲೆಗೇ ಇಟ್ಟರು.

"ಇದನ್ನ ಬೇರೆ ಯಾರಿಗಾದ್ರೂ ಬಡಿಸಿದ್ರೆ ನಾನೇ ಬೈತಿದ್ದೆ" ಎಂದರು. ಆಮೇಲೆ, "ರೇಖವ್ವ, ಈಗ ಏನು ಮಾಡು ಅಂತೀಯ?"

"ಬಿಡೋದು ಏನೂ ಬೇಡ. ಕುಂತು ತಿನ್ನಿ. ಎಲೆ ಮೇಲೆ ಹಾಕ್ಕೊಂಡು, ನೋಡ್ಕೊಂಡು ತಿನ್ನಿ. ನಿಂತಾಗ ಬಾಯಿಗೆ ನೀರು ಮಾತ್ರ."

"ಅಷ್ಟೇನಾ?"

"ಅಷ್ಟೇ" ಎಂದೆ. ಆಮೇಲೆ ಮಾತ್ರೆ ಸೇರಿಸಿದೆ, ಸಂಜೆಯ ನಡಿಗೆ ಸೇರಿಸಿದೆ. ಒಂದೊಂದಾಗಿ ಹಾಕುವುದನ್ನು ನಾನು ಅವರಿಂದಲೇ ಕಲಿತಿದ್ದೆ.

ದಿನಾ ಮಧ್ಯಾಹ್ನ ಫೋನು ಮಾಡುತ್ತಿದ್ದೆ. "ಕುಂತ್ರಾ ಮಾವ?" ಎಂದು ಕೇಳುವುದು. "ಇನ್ನೂ ಪಂಕ್ತಿ ಐತೆ, ಎಲ್ಲಾರೂ ಎದ್ದ ಮೇಲೆ ಕುಂತ್ಕೊಂತೀನಿ" ಎನ್ನುವುದು. ಅವರದೊಂದು ಕಟ್ಟುನಿಟ್ಟು ಇತ್ತು: ಬಡಿಸುವವನು ಕೊನೆಗೆ ಕೂರಬೇಕು. ಕೂತಾಗಲೂ ಕಾಲು ಅಲುಗಾಡುತ್ತಿತ್ತಂತೆ. "ಜೈಲಲ್ಲಿ ಉಂಡಂಗೆ ಉಣ್ತಾರೆ" ಎಂದು ಅತ್ತೆ ವರದಿ ಕೊಡುತ್ತಿದ್ದರು. ಆದರೂ ಹೊಟ್ಟೆ ಇಳಿಯಿತು. ಪಂಚೆ ಸಡಿಲವಾಗಿದೆ ಎಂದು ಊರೆಲ್ಲ ಹೇಳಿಕೊಂಡು ಬಂದರು. ಬಡಿಸುವುದನ್ನು ಮಾತ್ರ ಬಿಡಲಿಲ್ಲ. "ಜನಕ್ಕೂ ಹಂಗೆ ಒತ್ತಾಯ ಮಾಡಬೇಡಿ ಮಾವ" ಎಂದರೆ, "ಅವರ ಮನೇಲಿ ನಿನ್ನಂಥೋಳು ಇರ್ತಾಳೆ ಬಿಡು" ಎನ್ನುತ್ತಿದ್ದರು. ಹೀಗೇ ಕೆಲವು ವರ್ಷ. ನಾನು ಸ್ವಲ್ಪ ನಿರಾಳವಾಗತೊಡಗಿದ್ದೆ.

ಒಂದು ಮಧ್ಯಾಹ್ನ ಅವರು ಸವಳಂಗದ ಮದುವೆಯಲ್ಲಿದ್ದರು. ಮೊದಲನೇ ಪಂಕ್ತಿಯ ಹೊತ್ತು. ಫೋನಿನಲ್ಲಿ ಎಲೆ, ಬಕೆಟ್ಟು, ಜನದ ಗದ್ದಲ ಕೇಳುತ್ತಿತ್ತು. ಎಂದಿನಂತೆ ಕೇಳಿದೆ.

"ಕುಂತ್ರಾ ಮಾವ?"

"ಹ್ಞೂಂ ಕಣವ್ವ. ಕುಂತೀನಿ."

ಅಷ್ಟೇ. ಕೈಯಲ್ಲಿದ್ದ ಸಿರಿಂಜನ್ನು ಟ್ರೇಗೆ ಇಟ್ಟೆ. ಮೊದಲನೇ ಪಂಕ್ತಿ ನಡೆಯುವಾಗ ಬಸಣ್ಣ ಮಾವ ಕೂರುವವರಲ್ಲ.

"ಎದೆಯಲ್ಲಿ ಏನಾಗ್ತೈತೆ?"

"ಏನಿಲ್ಲ, ಗ್ಯಾಸು. ಸೋಡ ತರಾಕೆ ಹೇಳೀನಿ."

ಅತ್ತೆಗೆ ಫೋನು ಕೊಡಿಸಿದೆ. "ಸೋಡ ಬೇಡ. ಯಾವುದಾದ್ರೂ ಗಾಡಿ ಹತ್ತಿಸಿ ಶಿವಮೊಗ್ಗಕ್ಕೆ ಹೊರಡಿ. ಈಗಲೇ. ನಾನು ಅಲ್ಲಿಗೇ ಬರ್ತೀನಿ." ಮದುಮಗನ ಕಾರಿನಲ್ಲಿ, ಹೂವು ಕೂಡ ಬಿಚ್ಚದೆ, ಕರೆದುಕೊಂಡು ಹೋದರು. ದೊಡ್ಡ ಹಾರ್ಟ್ ಅಟ್ಯಾಕ್. ಸ್ಟೆಂಟ್ ಹಾಕಿ ಉಳಿಸಿದರು. ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದರು ಅಲ್ಲಿನ ಡಾಕ್ಟರು.

ವಾರ್ಡಿನ ಹೊರಗೆ ಬೆಂಚಿನ ಮೇಲೆ ನನಗೆ ಕೂರಲಾಗಲಿಲ್ಲ. ಈ ತುದಿಯಿಂದ ಆ ತುದಿ ಓಡಾಡಿದೆ. ಹೊಟ್ಟೆ ಇಳಿದಿತ್ತಲ್ಲ, ಮಾತ್ರೆ ನುಂಗುತ್ತಿದ್ದರಲ್ಲ, ಮತ್ತೇಕೆ? ಅದಕ್ಕೂ ಮುಂಚಿನ ಎಷ್ಟೋ ವರ್ಷ ಆ ನಾಲ್ಕೂ ಸೇರಿ ಸದ್ದಿಲ್ಲದೆ ಕೆಲಸ ಮಾಡಿದ್ದವು ಎಂದು ಓದಿದ ನನಗೆ ಗೊತ್ತಿತ್ತು. ನಾವು ಆಮೇಲೆ ಮಾಡಿದ್ದರಿಂದ ಎಷ್ಟು ಕಾಲ ಸಿಕ್ಕಿತು ಎಂದು ಅಳೆದು ಹೇಳಲು ನನ್ನ ಓದಿನಿಂದಲೂ ಆಗುವುದಿಲ್ಲ. ಈಗಲೂ ಅದು ಕೊರೆಯುತ್ತದೆ.

ಮಾವ ಕಣ್ಣು ಬಿಟ್ಟಾಗ ನಾನು ಮಂಚದ ಪಕ್ಕ ನಿಂತಿದ್ದೆ. "ಕುಂತ್ಕೊ ರೇಖವ್ವ" ಎಂದರು. "ನಿಂತ್ರೆ ನೋಡಾಕಾಗಲ್ಲ."

ಕೊನೆಯ ಸಲ ಅವರು ನ್ಯಾಮತಿಯ ನನ್ನ ಮನೆಗೆ ಬಂದದ್ದು, ಹೃದಯ ತುಂಬ ದುರ್ಬಲವಾಗಿದೆ ಎಂದು ಡಾಕ್ಟರು ಹೇಳಿದ ಮೇಲೆ. ಕಾಲು ಬಾತಿತ್ತು. ಅಂಗಡಿಯನ್ನು ಅಳಿಯ ನೋಡಿಕೊಳ್ಳುತ್ತಿದ್ದ. ಎಲೆ ಹಾಕಿದೆ. ಹೇಳದೆಯೇ ಕೂತರು, ಕಾಲು ಅಲುಗಾಡಲಿಲ್ಲ. ಜೋಳದ ರೊಟ್ಟಿ, ಉಪ್ಪು ಕಡಿಮೆ ಹಾಕಿದ ಸೊಪ್ಪಿನ ಪಲ್ಯ. ಒಂದು ರೊಟ್ಟಿ ಮುಗಿಯಿತು. ಇನ್ನೊಂದು ಹಿಡಿದು ಮುಂದೆ ನಿಂತೆ. ಎರಡೂ ಕೈ ಎಲೆಗೆ ಅಡ್ಡ ಬಂದವು.

ಬಡಿಸುವ ಆಸೆ ನನಗೆ ತಡೆಯಲಾಗಲಿಲ್ಲ. ಅಪರೂಪಕ್ಕೆ ಬಂದಿದ್ದಾರೆ, ಸೊರಗಿದ್ದಾರೆ, ಇನ್ನರ್ಧವಾದರೂ ತಿನ್ನಲಿ. "ಮೊಮ್ಮಗಳು ಎಷ್ಟೆತ್ತರ ಆಗಿದ್ದಾಳೆ ಮಾವ?" ಎಂದು ಕೇಳಿದೆ.

ಅವರು ತಲೆಯೆತ್ತಿ ನನ್ನನ್ನು ನೋಡಿದರು. ಕಣ್ಣಲ್ಲಿ ಹಳೆಯ ತುಂಟತನ. "ಈ ಬಾಗಿಲ ಚಿಲಕದಷ್ಟು" ಎಂದು ಗದ್ದದಿಂದ ತೋರಿಸಿದರು. ಕೈ ಎಲೆಯ ಮೇಲೇ ಇತ್ತು. "ನನ್ನ ಹತ್ರಾನೇ ಕಲ್ತು ನನಗೇ ಬಡಿಸಾಕೆ ಬರ್ತೀಯಾ? ಸಾಕು ಕಣವ್ವ. ಹೊಟ್ಟೆ ತುಂಬೈತೆ."

ತಮಗೇ ಸಾಕು ಎಂದು ಅವರು ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅದಾದ ಮೇಲೆ ಅವರು ಒಂದು ತಿಂಗಳೂ ಉಳಿಯಲಿಲ್ಲ.

ಮೊನ್ನೆ ಚನ್ನಗಿರಿಯಲ್ಲಿ ನೆಂಟರ ಮದುವೆ. ಪಾತ್ರೆಗಳ ಮೇಲೆ ಇನ್ನೂ ಅವರ ಹೆಸರೇ ಇತ್ತು. ನಾನೂ ಗೌರತ್ತೆಯೂ ಅಕ್ಕಪಕ್ಕ ಕೂತೆವು. ಹೋಳಿಗೆಯವರು ಬಂದರು. ರೂಢಿಯಂತೆ ಎರಡೂ ಕೈ ಎಲೆಗೆ ಅಡ್ಡ ಹಿಡಿದೆ. ಅವರು ನೋಡಿದವರೇ ಮುಂದಿನ ಎಲೆಗೆ ಹೋದರು, ಅದರ ಮುಂದಿನದಕ್ಕೆ, ಸಾಲಿನ ಕೊನೆ ಮುಟ್ಟಿ ತಿರುಗಿದರು. ನಾನು ಹಾಗೇ ಕೂತಿದ್ದೆ.

ಗೌರತ್ತೆ ನನ್ನ ಮೊಣಕೈ ಮುಟ್ಟಿದರು.

"ಕೈ ತೆಗಿ ರೇಖಾ. ಈಗ ಯಾರೂ ಹಾಕಲ್ಲ."