ಯೂಲಾಲಿಯ ಗಂಟೆ ಸುಮ್ಮನಿದ್ದ ಸಂಜೆ

ಲೊಜೇರ್ ಬೆಟ್ಟದ ಆ ಮೇಲಿನ ಊರಿನಲ್ಲಿ ಇದ್ದದ್ದು ಹನ್ನೊಂದು ಮನೆ. ಅಂಗಡಿಯಿಲ್ಲ, ಚರ್ಚಿಲ್ಲ, ಒಂದು ಗಂಟೆ ಮಾತ್ರ ಇತ್ತು. ಎರಡು ಕಲ್ಲುಕಂಬಗಳ ನಡುವೆ ತೂಗುತ್ತಿದ್ದ ಆ ಗಂಟೆ ಮದುವೆಗೂ ಹೊಡೆಯುತ್ತಿರಲಿಲ್ಲ, ಸಾವಿಗೂ ಹೊಡೆಯುತ್ತಿರಲಿಲ್ಲ. ಹಿಮಗಾಳಿ ಎದ್ದು ನೆಲ ಯಾವುದು ಆಕಾಶ ಯಾವುದು ತಿಳಿಯದಂತಾದಾಗ, ಹೊರಗಿದ್ದವರು ಅದರ ಸದ್ದಿನ ಜಾಡು ಹಿಡಿದು ಮನೆ ಸೇರಬೇಕಿತ್ತು.

ಹಗ್ಗ ಎಳೆಯುವುದು ಯೂಲಾಲಿ ಪಾಂತೆಲಳ ಕೆಲಸ. ಮೊದಲು ಅವಳ ಗಂಡ ಎಳೆಯುತ್ತಿದ್ದ. ಅವನು ಎದೆಯ ಕಾಯಿಲೆಯಿಂದ ತೀರಿಕೊಂಡ ವರ್ಷ, ಗಾಳಿ ಎದ್ದ ಒಂದು ಮಧ್ಯಾಹ್ನ, ಅವಳು ಎದ್ದುಹೋಗಿ ಹಗ್ಗ ಹಿಡಿದಳು. ಯಾರೂ ಹಿಡಿ ಎಂದಿರಲಿಲ್ಲ, ಬಿಡು ಎಂದೂ ಅನ್ನಲಿಲ್ಲ. ಹಾಗೆಯೇ ಇಪ್ಪತ್ತೆರಡು ಚಳಿಗಾಲಗಳು ಕಳೆದವು.

ಊರಿನ ಕಟ್ಟುಪಾಡು ಸರಳವಾಗಿತ್ತು. ಕೆಳಗಿನ ಪೇಟೆಗೆ ಹೋಗುವವರು ಅವಳ ಕಿಟಕಿ ಬಡಿದು ಹೆಸರು ಹೇಳಿ ಹೋಗಬೇಕು. ಹಿಂದಿರುಗಿದಾಗ ಅವಳೆದುರು ಬಂದು ನಿಂತು "ಬಂದೆ" ಅನ್ನಬೇಕು. ಕೊನೆಯವನು ಬಂದೆ ಅನ್ನುವ ತನಕ ಗಂಟೆ ನಿಲ್ಲುವಂತಿಲ್ಲ.

ಕಾಸಿಮಿರ್ ರೂವಿಯೇರ್ ಹೋಗುವಾಗ ತಪ್ಪದೆ ಕಿಟಕಿ ಬಡಿಯುತ್ತಿದ್ದ. ಬಂದಾಗ ಮಾತ್ರ ಹಿತ್ತಲ ದಾರಿಯಿಂದ ಮನೆ ಹೊಕ್ಕು, ಒಲೆಯ ಮುಂದೆ ಕಾಲು ಚಾಚಿ ಕೂತು, ಅವಳು ಗಂಟೆ ಹೊಡೆಯುವುದನ್ನು ಕೇಳುತ್ತಿದ್ದ. ಮೂರು ವರ್ಷದ ಹಿಂದೆ ಅವನಿಗಾಗಿ ಬೆಳಗಿನ ತನಕ ಎಳೆದು ಅವಳ ಎಡಗೈಯ ಎರಡು ಬೆರಳು ಮರಗಟ್ಟಿದವು. ಆಮೇಲೆ ತುದಿಗಳು ಕಪ್ಪಾಗಿ ಉದುರಿದವು. "ನಿನ್ನ ಗಂಟೆ ಕೇಳ್ತಾ ಕೇಳ್ತಾ ಎಂಥಾ ಒಳ್ಳೆ ನಿದ್ದೆ ಬಂತು ಅಂತೀಯ ಯೂಲಾಲಿ," ಎಂದು ಅವನು ನಾಲ್ಕು ಜನರೆದುರು ನಕ್ಕಿದ್ದ. ಆ ನಾಲ್ಕು ಜನರೂ ನಗಲಿಲ್ಲ, ಅವನನ್ನು ಬೈಯಲೂ ಇಲ್ಲ. ಅಕ್ಕಪಕ್ಕದವರ ನಾಯಿಗಳಿಗೆ ವಿಷ ಹಾಕಿದವನು ಅವನೇ, ಕಾಲುವೆಯ ನೀರು ತಿರುಗಿಸಿಕೊಂಡವನೂ ಅವನೇ ಎಂದು ಎಲ್ಲರಿಗೂ ಗೊತ್ತಿತ್ತು. ಅವನ ಎದುರಿಗೆ ಬಾಯಿ ಬಿಡುವವರು ಇರಲಿಲ್ಲ.

ಜನವರಿಯ ಆ ಗುರುವಾರ ಪೇಟೆಗೆ ಹೋಗಿದ್ದವನು ಅವನೊಬ್ಬನೇ. ಮೂರು ಗಂಟೆಗೆ ಗಾಳಿ ಎದ್ದಿತು. ಯೂಲಾಲಿ ಶಾಲು ಸುತ್ತಿಕೊಂಡು, ಮರದ ಮೆಟ್ಟು ಮೆಟ್ಟಿ, ಬಾಗಿಲ ತನಕ ಬಂದಳು. ಗಾಳಿ ಒಂದು ಗಳಿಗೆ ಉಸಿರು ಹಿಡಿದಾಗ ಎದುರಿನ ದಿಬ್ಬದ ಮೇಲೆ ಕಾಸಿಮಿರನ ಮನೆ ಕಂಡಿತು. ಚಿಮಣಿಯಲ್ಲಿ ಹೊಗೆ ಇರಲಿಲ್ಲ. ಮನೆಗೆ ಬಂದವನು ಮೊದಲು ಮಾಡುವ ಕೆಲಸ ಒಲೆ ಹಚ್ಚುವುದು. ಅವನು ಬಂದಿಲ್ಲ ಎಂದು ಅವಳಿಗೆ ತಿಳಿಯಿತು, ಚೆನ್ನಾಗಿ ತಿಳಿಯಿತು. ಆದರೂ "ಬಂದಿರ್ತಾನೆ, ಯಾವಾಗಲೂ ಹೀಗೇ ತಾನೆ" ಎಂದು ತನಗೆ ತಾನೇ ಜೋರಾಗಿ ಹೇಳಿಕೊಂಡಳು. ಮೆಟ್ಟು ಬಿಚ್ಚಿದಳು, ಬಾಗಿಲು ಹಾಕಿಕೊಂಡಳು. ಒಲೆಯ ಮೇಲಿದ್ದ ಚೆಸ್ಟ್‌ನಟ್ ಕಾಯಿಯ ಗಂಜಿ ತಳ ಹಿಡಿಯುವ ತನಕ ಅಲ್ಲೇ ಕೂತಿದ್ದಳು.

ಮೂರು ದಿನ ಬಿಟ್ಟು ಗಾಳಿ ನಿಂತಾಗ ಕಾಸಿಮಿರ್ ಸಿಕ್ಕಿದ. ಗಂಟೆಯ ಕಂಬದಿಂದ ನಲವತ್ತು ಹೆಜ್ಜೆ ದೂರದಲ್ಲಿ, ಊರಿಗೆ ಬೆನ್ನು ಹಾಕಿ ಕೂತಲ್ಲೇ ಹೆಪ್ಪುಗಟ್ಟಿದ್ದ. ಕಂಕುಳಲ್ಲಿ ಪೇಟೆಯಿಂದ ತಂದ ಹೊಸ ಬೂಟುಗಳಿದ್ದವು.

ವಿಚಾರಣೆಗೆ ಪೇಟೆಯಿಂದ ದಫೇದಾರ ಬಂದ. ಮೇಯರ್ ಒಗುಸ್ತನ ಅಡುಗೆಮನೆಯಲ್ಲಿ ಎಲ್ಲರನ್ನೂ ಕೂಡಿಸಿ, ಒದ್ದೆ ಬೂಟುಗಳನ್ನು ಒಲೆಗೆ ಒಡ್ಡಿ, ಪುಸ್ತಕ ತೆರೆದ.

"ಅವತ್ತು ಗಂಟೆ ಹೊಡೀತಿತ್ತಾ?"

"ಹೊಡೀತಿತ್ತಾ ಅಂತೀರಲ್ಲ ಸ್ವಾಮಿ, ಕಿವಿ ತೂತಾಗೋ ಹಂಗೆ ಹೊಡೀತಿತ್ತು," ಎಂದ ಪಕ್ಕದ ಮನೆಯ ಫಿರ್ಮೆನ್.

"ಆ ಸದ್ದಿಗೆ ನಮ್ಮ ಹಸು ಹಾಲೇ ಇಳಿಸ್ಲಿಲ್ಲ," ಎಂದಳು ಅವನ ಹೆಂಡತಿ ಲಿಯೋನಿ. ಗಂಡ ಹೆಂಡತಿ ಒಂದೇ ಮಾತು ಆಡಿದ್ದನ್ನು ಊರು ಕೇಳಿದ್ದು ಅದೇ ಮೊದಲು.

ಮುದುಕಿ ಪೆರಿನಳಿಗೆ ಹತ್ತು ವರ್ಷದಿಂದ ಕಿವಿ ಕೇಳಿಸದು. ದಫೇದಾರ ಬಗ್ಗಿ ಅವಳ ಕಿವಿಯಲ್ಲಿ ಕೂಗಿದ.

"ಕೇಳಿಸ್ತಪ್ಪ, ಬಾಳ ಚೆನ್ನಾಗಿ ಕೇಳಿಸ್ತು."

"ಏನು ಕೇಳಿಸ್ತು ಅಜ್ಜಿ?"

"ಇವರೆಲ್ಲ ಏನು ಹೇಳಿದ್ರೋ, ಅದೇ."

ಮೂಲೆಯಲ್ಲಿ ನಿಂತಿದ್ದ ಯೂಲಾಲಿ ಹೇಳಿದಳು: "ನಾನು ಹೊಡೀಲಿಲ್ಲ ಸ್ವಾಮಿ."

ಒಲೆಯೊಳಗೆ ಸೌದೆ ಚಟಪಟ ಎಂದಿತು. ಒಗುಸ್ತ್ ಎದ್ದು ದಫೇದಾರನ ಬಟ್ಟಲಿಗೆ ಇನ್ನೊಂದು ಸೌಟು ಗಂಜಿ ಬಡಿಸಿದ. "ಜ್ವರ ಅವಳಿಗೆ. ಎರಡು ದಿನದಿಂದ ಏನೇನೋ ಅಂತಿದ್ದಾಳೆ."

"ಜ್ವರ ಇಲ್ಲ. ಅವನ ಮನೇಲಿ ಹೊಗೆ ಇರ್ಲಿಲ್ಲ, ನಾನು ನೋಡಿದೆ. ನೋಡಿ ಬಾಗಿಲು ಹಾಕ್ಕೊಂಡೆ."

ದಫೇದಾರ ಸೀಸದಕಡ್ಡಿಯಿಂದ ಗದ್ದ ಕೆರೆದುಕೊಂಡ. "ಇಷ್ಟು ಜನ ಹೊಡೀತಿತ್ತು ಅಂತಾರೆ. ನೀವೊಬ್ರೇ ಇಲ್ಲ ಅಂತೀರ. ನಾನು ಏನಂತ ಬರ್ಕೊಳ್ಲಿ ಹೇಳಿ?"

"ನಡೆದದ್ದನ್ನ."

"ಅದನ್ನ ಬರೆದ್ರೆ ನಾಳೆ ಮತ್ತೆ ಈ ಬೆಟ್ಟ ಹತ್ಬೇಕು ನಾನು," ಎಂದು ಅವನು ಕಿಟಕಿಯಾಚೆ ಮೋಡ ನೋಡಿದ. ಗಂಟೆ ಹೊಡೆಯುತ್ತಿತ್ತು ಎಂದು ಬರೆದುಕೊಂಡು, ಕತ್ತಲಾಗುವ ಮೊದಲೇ ಇಳಿದುಹೋದ.

ಆ ರಾತ್ರಿ ಯೂಲಾಲಿಗೆ ನಿದ್ದೆ ಹತ್ತಲಿಲ್ಲ. ತನ್ನನ್ನು ಹಿಡಿದುಕೊಂಡು ಹೋಗುತ್ತಾರೆ ಎಂದು ಅವಳು ಮೇಕೆಯನ್ನು ಯಾರಿಗೆ ಒಪ್ಪಿಸುವುದು ಎಂಬುದನ್ನೂ ಯೋಚಿಸಿಟ್ಟಿದ್ದಳು. ಈಗ ಹಿಡಿಯುವವರೇ ಇಲ್ಲ. ಬೆಳಗಾದ ಮೇಲೆ ಒಗುಸ್ತನ ಹಿತ್ತಲಿಗೆ ಹೋದಳು. ಅವನು ಸೌದೆ ಸೀಳುತ್ತಿದ್ದ.

"ಹಗ್ಗ ಇನ್ನು ಬೇರೆ ಯಾರಾದ್ರೂ ಹಿಡೀಲಿ ಅಣ್ಣ. ನನ್ನ ಕೈ ಅದಕ್ಕೆ ಲಾಯಕ್ಕಲ್ಲ."

"ನೀನು ಬಿಟ್ರೆ ಯಾಕೆ ಬಿಟ್ಳು ಅಂತ ಕೇಳ್ತಾರೆ."

"ಕೇಳ್ಲಿ. ಕೇಳ್ಬೇಕು ಅಂತಾನೇ."

ಒಗುಸ್ತ್ ಕೊಡಲಿಯನ್ನು ದಿಮ್ಮಿಯಲ್ಲಿ ನೆಟ್ಟ. ಅವಳ ಮುಖ ನೋಡದೆ ನಿಧಾನವಾಗಿ ಹೇಳಿದ: "ಕಾಸಿಮಿರನ ಚಿಮಣಿ ನಿನ್ನ ಬಾಗಿಲಿಂದ ಮಾತ್ರ ಕಾಣ್ಸುತ್ತೆ ಅಂದ್ಕೊಂಡ್ಯಾ ತಾಯಿ? ನಮ್ಮ ಅಡುಗೆಮನೆಯಿಂದ ಕಾಣ್ಸುತ್ತೆ. ಫಿರ್ಮೆನ್ ಕೊಟ್ಟಿಗೆಯಿಂದ ಕಾಣ್ಸುತ್ತೆ. ಅವತ್ತು ಗಂಟೆ ಇನ್ನೂ ಯಾಕೆ ಹೊಡೀಲಿಲ್ಲ ಅಂತ ಕೇಳೋಕೆ ನಿನ್ನ ಬಾಗಿಲಿಗೆ ಯಾರಾದ್ರೂ ಬಂದ್ರಾ?"

ಅವಳು ಇಲ್ಲ ಎಂದು ತಲೆಯಾಡಿಸಿದಳು.

"ಹಂಗಾದ್ರೆ ಸುಮ್ನೆ ಮನೆಗೆ ಹೋಗು. ಹಗ್ಗ ನಿನ್ನ ಹತ್ರಾನೇ ಇರ್ಲಿ."

ಅವಳು ಮನೆಗೆ ಹೋದಳು. ಪಾಪ ಹನ್ನೊಂದು ಮನೆಗೂ ಹಂಚಿಹೋಗಿದ್ದರೂ ಅವಳ ಪಾಲಿನದು ಒಂದು ಗುಂಜಿಯಷ್ಟೂ ಕಡಿಮೆಯಾದಂತೆ ಅನ್ನಿಸಲಿಲ್ಲ.

ಫೆಬ್ರವರಿಯಲ್ಲಿ ಊರಿನ ನಡತೆ ಬದಲಾಯಿತು. ಅವಳ ಹೊಸ್ತಿಲ ಮೇಲೆ ಒಂದು ಬೆಳಿಗ್ಗೆ ಸೌದೆಯ ಹೊರೆ, ಇನ್ನೊಂದು ಬೆಳಿಗ್ಗೆ ಹೊಗೆಯಲ್ಲಿ ಒಣಗಿಸಿದ ಹಂದಿಮಾಂಸದ ತುಂಡು. ಮೊದಲು "ಏ ಯೂಲಾಲಿ" ಅನ್ನುತ್ತಿದ್ದವರು ಈಗ "ಅಕ್ಕ" ಅಂದರು. ಪೇಟೆಗೆ ಹೋಗುವವರು ಬರಿ ಹೆಸರು ಹೇಳಿ ಹೋಗುತ್ತಿರಲಿಲ್ಲ. ಕಿಟಕಿಯ ಬಳಿ ನಿಂತು ಮೇಕೆಯ ಯೋಗಕ್ಷೇಮ ಕೇಳಿ, ತಾವು ಎಂದಾದರೂ ಏನಾದರೂ ತಪ್ಪು ಆಡಿದ್ದರೆ ಮನಸ್ಸಿನಲ್ಲಿ ಇಟ್ಟುಕೊಳ್ಳಬಾರದು ಅನ್ನುತ್ತಿದ್ದರು.

ತಿಂಗಳ ಕೊನೆಯಲ್ಲಿ ಲಿಯೋನಿ ಬೆಣ್ಣೆ ತಂದಳು. ಬೆಣ್ಣೆ ಮೇಜಿನ ಮೇಲಿಟ್ಟು ಶಾಲಿನ ಅಂಚು ತಿರುಚುತ್ತ ಕೂತಳು. ಅವಳ ಕೆನ್ನೆಯ ಮೇಲೆ ಹಳದಿಗೆ ತಿರುಗಿದ ಒಂದು ಹಳೆಯ ಪೆಟ್ಟಿನ ಗುರುತಿತ್ತು.

"ಗುರುವಾರ ಇವರು ಪೇಟೆಗೆ ಹೋಗ್ತಾರೆ."

"ಹೋಗ್ಲಿ."

"ಮಂಜು ಬೀಳೋ ಹಂಗಿದೆ ಅಕ್ಕ. ನಿಮಗೂ ಬೆರಳು ನೋವು. ಅಂಥಾ ಚಳೀಲಿ ಆಚೆ ನಿಂತು ಯಾಕೆ ಆಯಾಸ ಮಾಡ್ಕೋತೀರ. ಒಂದಿನ ಮಲಗಿದ್ರೆ ಯಾರೇನಂತಾರೆ. ಗಂಟೆ ಹೊಡೀತಿತ್ತು ಅಂತ ನಾವೆಲ್ಲ ಹೇಳ್ತೀವಲ್ಲ."

ಯೂಲಾಲಿ ಬೆಣ್ಣೆಯನ್ನು ಅವಳ ಕಡೆಗೆ ಹಿಂದಕ್ಕೆ ಸರಿಸಿದಳು. ಲಿಯೋನಿ ಅದನ್ನು ಅಲ್ಲೇ ಬಿಟ್ಟು ಹೋದಳು.

ಗುರುವಾರ ಎರಡು ಗಂಟೆಗೇ ಗಾಳಿ ಎದ್ದಿತು. ಯೂಲಾಲಿ ಚಿಮಣಿ ನೋಡಲಿಲ್ಲ, ಯಾರ ಮನೆಯ ಕಡೆಗೂ ನೋಡಲಿಲ್ಲ. ಹಗ್ಗಕ್ಕೆ ಹಿಡಿದ ಮಂಜುಗಡ್ಡೆಯನ್ನು ಮೊಣಕೈಯಿಂದ ಒಡೆದು ಎಳೆಯತೊಡಗಿದಳು. ಅರ್ಧ ಗಂಟೆಯಾದ ಮೇಲೆ ಲಿಯೋನಿ ಬಂದು ಕಂಬಕ್ಕೆ ಒರಗಿ ನಿಂತಳು.

"ಸಾಕು ಅಕ್ಕ."

ಯೂಲಾಲಿ ಎಳೆದಳು.

"ಕಾಸಿಮಿರನಿಗೆ ನೀವು ಗಂಟೆ ಹೊಡೀದೆ ಬಿಟ್ರಿ. ನನಗೋಸ್ಕರ ಒಂದ್ಸಲ ಯಾಕಿಲ್ಲ?"

ಯೂಲಾಲಿ ಹಗ್ಗವನ್ನು ಇನ್ನೂ ಬಿಗಿಯಾಗಿ ಹಿಡಿದಳು. ಎಳೆದಳು. ಅಂಗೈ ಒಡೆದು ಹಗ್ಗ ಅಂಟಂಟಾಯಿತು. ಲಿಯೋನಿಯ ಮುಖದ ಮೇಲಿದ್ದದ್ದು ಕಣ್ಣೀರೋ ಮಂಜೋ, ಆ ಬಿಳುಪಿನಲ್ಲಿ ತಿಳಿಯುವಂತಿರಲಿಲ್ಲ. ಇಬ್ಬರೂ ಅಲ್ಲೇ ಇದ್ದರು, ಒಬ್ಬಳು ಅವನು ಬರಲೆಂದು, ಒಬ್ಬಳು ಬಾರದಿರಲೆಂದು.

ಐದರ ಸುಮಾರಿಗೆ ಫಿರ್ಮೆನ್ ಬಿಳುಪಿನೊಳಗಿಂದ ತಡವುತ್ತ ಬಂದ. ಹುಬ್ಬು ಮೀಸೆಯೆಲ್ಲ ಹಿಮ. "ಬಂದೆ," ಎಂದ. ಹೆಂಡತಿಯನ್ನು ಕಂಡು, ತನಗಾಗಿ ಕಾಯುತ್ತಿದ್ದಾಳೆಂದುಕೊಂಡು, ಅವನ ಮುಖ ಒಂದು ಕ್ಷಣ ಮೆತ್ತಗಾಯಿತು.

"ಗಂಜಿ ಆರಿಹೋಗಿದೆ," ಎಂದು ಲಿಯೋನಿ ತಿರುಗಿ ನೋಡದೆ ಮನೆಯ ಕಡೆ ನಡೆದಳು.

ಫಿರ್ಮೆನ್ ಹೋಗಲಿಲ್ಲ. ಯೂಲಾಲಿಯೆದುರು ನಿಂತು ಟೊಪ್ಪಿ ತೆಗೆದ. "ನಿಮ್ಮ ದಯೆ ಅಕ್ಕ," ಎಂದ.

ಇಪ್ಪತ್ತೆರಡು ವರ್ಷದಲ್ಲಿ ಒಬ್ಬರೂ ಅವಳಿಗೆ ಆ ಮಾತು ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಗಾಳಿ ಎದ್ದರೆ ಗಂಟೆ ಹೊಡೆಯುತ್ತದೆ, ಅಷ್ಟೇ ಆಗಿತ್ತು. ಈಗ ಅವನು ಬೋಳುತಲೆಯ ಮೇಲೆ ಹಿಮ ಬೀಳುತ್ತಿದ್ದರೂ ಟೊಪ್ಪಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಹೋಗಬಹುದು ಎಂದು ಅವಳು ತಲೆಯಾಡಿಸುವುದನ್ನೇ ಕಾಯುತ್ತ ನಿಂತಿದ್ದ.