ಯಾರ ಮನೆಗೆ?

ಬಜಗೋಳಿಯ ಆಚೆ ಕಾಡಿನಂಚಿನ ಊರೊಂದಕ್ಕೆ ಬಸ್ಸಿನಲ್ಲೇ ಹೋಗಿ, ಒಂದು ರಾತ್ರಿ ಇದ್ದು ಬರುವುದೆಂದು ಮ್ಯಾಪು ನೋಡಿ ನಿಶ್ಚಯಿಸಿದ್ದೆ. ಕಾರ್ಕಳದಲ್ಲಿ ಬಸ್ಸು ಹತ್ತಿ ಟಿಕೆಟ್ ಕೇಳಿದರೆ ಕಂಡಕ್ಟರ್, "ಯಾರ ಮನೆಗೆ?" ಎಂದರು.

"ಯಾರ ಮನೆಗೂ ಅಲ್ಲ, ಊರು ನೋಡಲಿಕ್ಕೆ."

"ಅಲ್ಲಿ ನೋಡಲಿಕ್ಕೆ ಎಂತ ಉಂಟು ಮಾರಾಯ್ರೆ? ಲಾಡ್ಜೂ ಇಲ್ಲ. ಈ ಬಸ್ಸು ಅಲ್ಲೇ ಹಾಲ್ಟ್, ವಾಪಸ್ ಬರುವುದು ಬೆಳಿಗ್ಗೆ."

"ಬಸ್ಸಿನಲ್ಲೇ ಮಲಗುತ್ತೇನೆ."

"ಬಸ್ಸಿನಲ್ಲಿ ಡ್ರೈವರ್ ಮಲಗುವುದು."

ನಾನು ಸೀಟು ಬಿಟ್ಟು ಏಳಲಿಲ್ಲ, ಅವರು ಟಿಕೆಟ್ ಕೊಡಲಿಲ್ಲ. ಕೊನೆಗೆ ಫೋನ್ ತೆಗೆದು ಆ ಊರಿನ ತಮ್ಮ ದೊಡ್ಡಮ್ಮನಿಗೆ, ಒಬ್ಬರು ಬರುತ್ತಾರೆ, ಗಂಜಿಗೆ ಅಕ್ಕಿ ಹೆಚ್ಚು ಹಾಕಿ ಎಂದು ತುಳುವಿನಲ್ಲಿ ಹೇಳಿದರು. ಆಮೇಲೆ ಟಿಕೆಟ್ ಕೊಟ್ಟರು.

ಎಷ್ಟೋ ದೇಶಗಳ ವೀಸಾ ಅರ್ಜಿಯಲ್ಲಿ 'ಉಳಿಯುವ ವಿಳಾಸ' ಖಾಲಿ ಬಿಟ್ಟು ಬೈಸಿಕೊಂಡಿದ್ದೇನೆ. ಅಧಿಕಾರಿಯೇ ತನ್ನ ದೊಡ್ಡಮ್ಮನ ವಿಳಾಸ ತುಂಬಿಕೊಟ್ಟದ್ದು ಕಾರ್ಕಳದಲ್ಲಿ ಮಾತ್ರ.